ಯಾರ ಕಡೆಯಿಂದ ಬಂದ್ರಿ?

ನಮ್ಮಮ್ಮ ಸೀರೆ ಸೆರಗಿಗೆ ಕುಚ್ಚು ಕಟ್ತಾರೆ. ಹಾಸನದ ನಮ್ಮ ಮನೆ ಹಾಲ್‌ನಲ್ಲಿ, ಟಿವಿ ಎದುರಿಗೆ, ದಿಂಬಿನ ಮೇಲೆ ಸೆರಗನ್ನ ಪಿನ್ ಮಾಡ್ಕೊಂಡು ಕೂತ್ರೆ ಸಂಜೆಯ ಸೀರಿಯಲ್‌ಗಳು ಮುಗಿಯೋದ್ರೊಳಗೆ ಒಂದು ಸಾದಾ ಬೇಬಿ ಕುಚ್ಚಿನ ಸೀರೆ ಮುಗಿದಿರುತ್ತೆ. ಕ್ರೋಶಾ ಕುಚ್ಚು, ಮಣಿ ಸೇರಿಸಿ ಕಟ್ಟೋದು ಅಂದ್ರೆ ಎರಡು ದಿನ. ಹತ್ತು ವರ್ಷದಿಂದ ಹೆಚ್ಚಿನ ಕೆಲಸ ಊರಿನ ಒಂದು ಸೀರೆ ಅಂಗಡಿಯಿಂದಾನೇ ಬರ್ತಿತ್ತು. ಅಂಗಡಿಯವರು ಗಿರಾಕಿ ಹತ್ರ 300 ರೂಪಾಯಿ ತಗೊಂಡು ಅಮ್ಮನಿಗೆ 120 ಕೊಡ್ತಿದ್ರು. ನೂಲು ಅಮ್ಮನದೇ.

ನನ್ನ ಹಾಸ್ಟೆಲ್ ಮೆಸ್ ಬಿಲ್ ತಿಂಗಳಿಗೆ 4,200 ರೂಪಾಯಿ. ಅಪ್ಪನ ಸಂಬಳದಲ್ಲಿ ಮನೆ ಮತ್ತು ಕಾಲೇಜ್ ಫೀಸ್, ಅಮ್ಮನ ಕುಚ್ಚಲ್ಲಿ ನನ್ನ ಮೆಸ್. ಫಸ್ಟ್ ಸೆಮ್‌ನಲ್ಲಿ ಒಂದು ದಿನ ಮೆಸ್‌ನಲ್ಲಿ ಕೂತು ಸುಮ್ನೆ ಲೆಕ್ಕ ಹಾಕಿದೆ. 35 ಸೀರೆ. ಆವತ್ತಿನಿಂದ ಉಪ್ಪಿಟ್ಟು ಬಿಸಾಕೋದು ಬಿಟ್ಟೆ.

ಕಳೆದ ಜೂನ್‌ನಲ್ಲಿ ಅಂಗಡಿಯವರು ಇನ್ಮೇಲೆ ಸೀರೆಗೆ 100 ಮಾತ್ರ ಅಂದ್ರು. ಅಮ್ಮ ಏನೂ ಹೇಳಲಿಲ್ಲ, ನನಗೆ ಮಾತ್ರ 35 ಇದ್ದದ್ದು 42 ಆಯ್ತು ಅಂತ ತಲೆಯಲ್ಲಿ ಓಡ್ತಿತ್ತು. ನಾನು ರಜೆಯಲ್ಲಿ ಮನೆಯಲ್ಲೇ ಇದ್ದೆ. ಯೂಟ್ಯೂಬ್ ನೋಡಿ ರಿಯಾಕ್ಟ್ ಕಲಿತು ಒಂದು ಟು-ಡು ಲಿಸ್ಟ್, ಒಂದು ವೆದರ್ ಆ್ಯಪ್ ಮಾಡಿದ್ದೆ. ಅಷ್ಟಕ್ಕೇ ಎಷ್ಟು ಧೈರ್ಯ ಬರುತ್ತೆ ಅಂತ ನಿಮಗೂ ಗೊತ್ತಿರುತ್ತೆ. "ಅಮ್ಮಾ, ನಿನಗೊಂದು ವೆಬ್‌ಸೈಟ್ ಮಾಡ್ಕೊಡ್ತೀನಿ. ಜನ ಗೂಗಲ್ ಮಾಡಿ ನೇರವಾಗಿ ನಿನ್ನ ಹತ್ರಾನೇ ಬರ್ತಾರೆ" ಅಂದೆ. ಅಮ್ಮ ನೂಲು ಹಲ್ಲಲ್ಲಿ ಕಚ್ಚಿಕೊಂಡೇ "ಬರ್ಲಿ" ಅಂದ್ರು.

ಈ ಲೇಖನ ಆ ಒಂದು ಮಾತನ್ನ ಉಳಿಸಿಕೊಳ್ಳೋಕೆ ನನಗೆ ಹಿಡಿದ ನಾಲ್ಕು ತಿಂಗಳ ಬಗ್ಗೆ. ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಒತ್ತಕ್ಷರ ಎಲ್ಲಾದ್ರೂ ಜಾರಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

*

ಸೈಟ್ ಆಗಸ್ಟ್ ಮೊದಲ ವಾರದಲ್ಲಿ ಲೈವ್ ಆಯ್ತು. ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚೆ ಆಗ್ಲೇಬೇಕು ಅಂತ ಎರಡು ರಾತ್ರಿ ನಿದ್ದೆ ಬಿಟ್ಟಿದ್ದೆ, ಯಾಕಂದ್ರೆ ಆ ಹಬ್ಬಕ್ಕೆ ಹೊಸ ಸೀರೆ ತಗೊಳ್ಳೋರು ಜಾಸ್ತಿ. ನೋಡೋಕೆ ನಿಜವಾಗ್ಲೂ ಚೆನ್ನಾಗಿತ್ತು. ಕಪ್ಪು ಹಿನ್ನೆಲೆ, ಚಿನ್ನದ ಬಣ್ಣದ ಅಕ್ಷರ, ಸ್ಕ್ರೋಲ್ ಮಾಡಿದ್ರೆ ಕುಚ್ಚುಗಳು ತೇಲಿಕೊಂಡು ಬರೋ ಆ್ಯನಿಮೇಷನ್. ಹೆಸರು 'ಥ್ರೆಡ್ ಸ್ಟೋರೀಸ್'. ಒಳಗಡೆ 'ಆರ್ಟಿಸನಲ್ ಟ್ಯಾಸೆಲ್ ಕ್ರಾಫ್ಟ್' ಅಂತೆಲ್ಲ ಇಂಗ್ಲಿಷ್‌ನಲ್ಲಿ ಬರೆದಿದ್ದೆ. ಹಾಸ್ಟೆಲ್ ಗ್ರೂಪ್‌ಗೆ ಲಿಂಕ್ ಹಾಕಿದಾಗ ಬೆಂಕಿ ಎಮೋಜಿಗಳ ಮಳೆ.

ಹಬ್ಬ ಬಂತು, ಹೋಯ್ತು. ಒಂದು ಫೋನ್ ಕೂಡ ಬರಲಿಲ್ಲ. ಅಮ್ಮ ವಾರಕ್ಕೊಂದು ಸಲ ಕೇಳ್ತಿದ್ರು, "ಗೂಗಲ್‌ನಲ್ಲಿ ಬಂತೇನೇ?" ನಾನು "ಟೈಮ್ ಹಿಡಿಯುತ್ತಮ್ಮ" ಅಂತಿದ್ದೆ. ಟೈಮ್ ಹಿಡಿಯೋದು ನಿಜಾನೇ. ಆದ್ರೆ ನಮ್ಮ ಸೈಟ್‌ನ ವಿಷಯದಲ್ಲಿ ಎಷ್ಟು ಟೈಮ್ ಕೊಟ್ಟಿದ್ರೂ ಅದು ಬರ್ತಿರಲಿಲ್ಲ.

ಗೂಗಲ್ ಸರ್ಚ್ ಬಾಕ್ಸ್‌ನಲ್ಲಿ 'ಸೈಟ್' ಅಂತ ಇಂಗ್ಲಿಷ್‌ನಲ್ಲಿ ಬರೆದು, ಒಂದು ಕೋಲನ್ ಹಾಕಿ, ಜಾಗ ಬಿಡದೆ ನಿಮ್ಮ ವೆಬ್ ವಿಳಾಸ ಕೊಟ್ರೆ, ಆ ವಿಳಾಸದ ಯಾವ್ಯಾವ ಪುಟ ಗೂಗಲ್ ಹತ್ರ ಇದೆ ಅಂತ ಸುಮಾರಾಗಿ ಗೊತ್ತಾಗುತ್ತೆ. ಒಬ್ಬ ಸೀನಿಯರ್ ಇದನ್ನ ಹೇಳಿಕೊಟ್ರು. ಹಾಕಿ ನೋಡಿದೆ. ಒಂದೂ ಫಲಿತಾಂಶ ಇಲ್ಲ. ಹತ್ತನೇ ಪೇಜಲ್ಲೋ ಐವತ್ತನೇ ಪೇಜಲ್ಲೋ ಇದೀವಿ ಅಂದ್ಕೊಂಡಿದ್ದೆ. ನಾವು ಲಿಸ್ಟ್‌ನಲ್ಲೇ ಇರಲಿಲ್ಲ.

ಇಲ್ಲಿ ಸ್ವಲ್ಪ ಥಿಯರಿ ಬೇಕು, ಚಿಕ್ಕದಾಗಿ ಹೇಳ್ತೀನಿ. ಸರ್ಚ್ ಎಂಜಿನ್ ನಾವು ಹುಡುಕಿದಾಗ ಇಡೀ ಇಂಟರ್ನೆಟ್ ಸುತ್ತಿ ಬರಲ್ಲ. ಮೊದಲೇ ಸುತ್ತಿ ಬರೆದಿಟ್ಟುಕೊಂಡಿರುತ್ತೆ. ಕೆಲಸ ಮೂರು ಹಂತದಲ್ಲಿ ನಡೆಯುತ್ತೆ. ಮೊದಲು ಗೂಗಲ್‌ಬಾಟ್ ಅನ್ನೋ ಪ್ರೋಗ್ರಾಮ್ ಪುಟದಿಂದ ಪುಟಕ್ಕೆ ಲಿಂಕ್ ಹಿಡಿದು ಓಡಾಡುತ್ತೆ. ಇದು ಕ್ರಾಲಿಂಗ್. ಆಮೇಲೆ ಸಿಕ್ಕಿದ್ದನ್ನ ಓದಿ ಯಾವ ಪದ ಯಾವ ಪುಟದಲ್ಲಿದೆ ಅಂತ ದೊಡ್ಡ ಪಟ್ಟಿಗೆ ಸೇರಿಸುತ್ತೆ. ಇದು ಇಂಡೆಕ್ಸಿಂಗ್. ಟೆಕ್ಸ್ಟ್‌ಬುಕ್ ಕೊನೆಯಲ್ಲಿ ಪದಸೂಚಿ ಇರುತ್ತಲ್ಲ, ಅದೇ ಥರ. ಕೊನೆಗೆ, ಯಾರಾದ್ರೂ ಹುಡುಕಿದಾಗ ಆ ಪಟ್ಟಿಯಿಂದ ಎತ್ತಿ ಯಾವುದು ಮೇಲೆ, ಯಾವುದು ಕೆಳಗೆ ಅಂತ ಜೋಡಿಸುತ್ತೆ. ಇದು ರ‍್ಯಾಂಕಿಂಗ್. ನಾವೆಲ್ಲ ತಲೆ ಕೆಡಿಸಿಕೊಳ್ಳೋದು ಮೂರನೇದರ ಬಗ್ಗೆ. ನನ್ನ ಸೈಟ್ ಸತ್ತಿದ್ದು ಎರಡನೇದರಲ್ಲಿ.

ಕಾರಣ ಹುಡುಕಿದಾಗ ತಲೆ ಚಚ್ಚಿಕೊಳ್ಳೋ ಹಾಗಾಯ್ತು. ಸೈಟ್ ಶುರು ಮಾಡುವಾಗ ನನ್ನ ಹಳೆ ಪ್ರಾಜೆಕ್ಟ್‌ನ ಫೈಲ್‌ಗಳನ್ನೇ ಕಾಪಿ ಮಾಡಿದ್ದೆ. ಆ ಅರ್ಧಂಬರ್ಧ ಪ್ರಾಜೆಕ್ಟ್ ಯಾರ ಕಣ್ಣಿಗೂ ಬೀಳಬಾರದು ಅಂತ ಅದರ ತಲೆಭಾಗದಲ್ಲಿ ಒಂದು ಸಾಲು ಹಾಕಿದ್ದೆ. 'ನೋಇಂಡೆಕ್ಸ್' ಅನ್ನೋ ಮೆಟಾ ಟ್ಯಾಗ್. ಅಂದ್ರೆ, ದಯವಿಟ್ಟು ಈ ಪುಟವನ್ನ ಪಟ್ಟಿಗೆ ಸೇರಿಸಬೇಡಿ ಅಂತ ಸರ್ಚ್ ಎಂಜಿನ್‌ಗೆ ಹೇಳೋ ಸಾಲು. ಅದೇ ಸಾಲು ಅಮ್ಮನ ಸೈಟಿಗೂ ಬಂದು ಕೂತಿತ್ತು. ಬಾಗಿಲಿಗೆ 'ಒಳಗೆ ಬರಬೇಡಿ' ಅಂತ ನಾನೇ ಬೋರ್ಡ್ ಹಾಕಿ, ಯಾರೂ ಬರ್ತಿಲ್ಲ ಅಂತ ನಾನೇ ಕಾಯ್ತಿದ್ದೆ. ಒಂದು ಹಬ್ಬದ ವ್ಯಾಪಾರ ಆ ಒಂದು ಸಾಲಿಗೆ ಹೋಯ್ತು. ಅಮ್ಮನಿಗೆ ಇದನ್ನ ಹೇಳೋಕೆ ಎರಡು ದಿನ ಬೇಕಾಯ್ತು.

ಸಾಲು ತೆಗೆದೆ. ಗೂಗಲ್‌ನ ಸರ್ಚ್ ಕನ್ಸೋಲ್ ಅನ್ನೋ ಉಚಿತ ಟೂಲ್‌ನಲ್ಲಿ ಸೈಟ್ ನಮ್ಮದೇ ಅಂತ ತೋರಿಸಿಕೊಟ್ಟು, ಸೈಟ್‌ಮ್ಯಾಪ್ ಕೊಟ್ಟೆ. ಸೈಟ್‌ಮ್ಯಾಪ್ ಅಂದ್ರೆ ನಮ್ಮಲ್ಲಿ ಇಷ್ಟು ಪುಟ ಇದಾವೆ ಅನ್ನೋ ಪಟ್ಟಿಯ ಫೈಲ್. ಹೊಸ ಸೈಟಿಗೆ ಇದು ಮುಖ್ಯ. ಹಳೆ ಸೈಟ್‌ಗಳಿಗೆ ಬೇರೆ ಕಡೆಯಿಂದ ಲಿಂಕ್ ಇರುತ್ತೆ, ಬಾಟ್ ತಾನಾಗೇ ಬರುತ್ತೆ. ನಮ್ಮದಕ್ಕೆ ದಾರಿನೇ ಇರಲಿಲ್ಲ. ಒಂದು ವಾರದ ನಂತರ 'ಥ್ರೆಡ್ ಸ್ಟೋರೀಸ್ ಹಾಸನ' ಅಂತ ಹುಡುಕಿದಾಗ ನಮ್ಮ ಸೈಟ್ ಬಂತು. ಹಾಸ್ಟೆಲ್‌ನಲ್ಲಿ ಕಿರುಚಿದೆ.

ಫೋನ್ ಮಾಡಿ ಹೇಳಿದ್ರೆ ಅಮ್ಮ ಕೇಳಿದ್ರು, "ನಿನ್ನ ಬಿಟ್ಟು ಆ ಹೆಸರು ಯಾರಿಗೆ ಗೊತ್ತು?"

*

ಅದು ನಿಜ. ನಮ್ಮ ಸೈಟ್ ಗೊತ್ತಿದ್ದವರಿಗೆ ಮಾತ್ರ ನಮ್ಮ ಸೈಟ್ ಸಿಗ್ತಿತ್ತು.

ಮುಂದಿನ ಭಾನುವಾರ ಮನೆಗೆ ಹೋದಾಗ ಅಮ್ಮನ ಕೈಗೆ ಫೋನ್ ಕೊಟ್ಟೆ. "ನಿನಗೇ ಕುಚ್ಚು ಹಾಕಿಸಬೇಕಿದೆ ಅಂದ್ಕೋ. ಹೇಗೆ ಹುಡುಕ್ತೀಯ?" ಅಮ್ಮ ಟೈಪ್ ಮಾಡಲ್ಲ. ಮೈಕ್ ಗುರುತು ಒತ್ತಿ, ಎದುರುಗಡೆ ಯಾರೋ ನಿಂತಿದ್ದಾರೇನೋ ಅನ್ನೋ ಹಾಗೆ ಜೋರಾಗಿ ಹೇಳಿದ್ರು: "ಹಾಸನದಲ್ಲಿ ಸೀರೆ ಕುಚ್ಚು ಕಟ್ಟೋರು." ಪರದೆ ಮೇಲೆ ಚೆಂದವಾಗಿ ಕನ್ನಡ ಅಕ್ಷರ ಮೂಡಿತು. ಪಕ್ಕದ ಮನೆ ಆಂಟಿ ಇಂಗ್ಲಿಷ್ ಅಕ್ಷರದಲ್ಲಿ 'ಸ್ಯಾರಿ ಕುಚ್ಚು ನಿಯರ್ ಮಿ' ಅಂತ ಹೊಡೆದ್ರು. ಅವರ ಮಗಳು ಅದೇ ಕುಚ್ಚಿಗೆ ಮಧ್ಯೆ ಇನ್ನೊಂದು 'ಸಿ' ಸೇರಿಸಿದಳು. ಯಾರೂ 'ಟ್ಯಾಸೆಲ್' ಅನ್ನಲಿಲ್ಲ. 'ಆರ್ಟಿಸನಲ್' ಅಂತೂ ಬಿಡಿ.

ನನ್ನ ಸೈಟ್ ತೆಗೆದು 'ಕುಚ್ಚು' ಅಂತ ಎಷ್ಟು ಕಡೆ ಇದೆ ಅಂತ ಎಣಿಸಿದೆ. ಸೊನ್ನೆ. ಇಂಗ್ಲಿಷ್ ಅಕ್ಷರದಲ್ಲೂ ಇಲ್ಲ, ಕನ್ನಡದಲ್ಲೂ ಇಲ್ಲ. ಇದು ಮರೆತು ಆಗಿದ್ದಲ್ಲ ಅಂತ ನನಗೆ ಗೊತ್ತು. ಆ ಪದ ಹಾಕಿದ್ರೆ ಸೈಟ್ 'ಲೋಕಲ್' ಆಗಿ ಕಾಣುತ್ತೆ ಅಂತ ಬೇಕಂತಲೇ ಬಿಟ್ಟಿದ್ದೆ. ಸ್ಕೂಲ್‌ನಲ್ಲಿ "ನಿಮ್ಮಮ್ಮ ಏನ್ಮಾಡ್ತಾರೆ" ಅಂದ್ರೆ "ಡಿಸೈನಿಂಗ್" ಅಂತಿದ್ದ ಹುಡುಗಿ ನಾನು. ಸೈಟ್‌ನಲ್ಲೂ ಅದನ್ನೇ ಮಾಡಿದ್ದೆ. ಹತ್ತು ವರ್ಷ ಅಮ್ಮ ಮಾಡಿದ ಕೆಲಸದ ಹೆಸರನ್ನೇ ಅಮ್ಮನ ಸೈಟಿಂದ ತೆಗೆದುಹಾಕಿದ್ದೆ. ಇಂಡೆಕ್ಸ್‌ನಲ್ಲಿ ಇಲ್ಲದ ಪದಕ್ಕೆ ಯಾವ ಆಲ್ಗಾರಿದಂ ತಾನೇ ಏನು ಮಾಡುತ್ತೆ?

ಆವತ್ತು ರಾತ್ರಿ ಸೈಟನ್ನ ಪೂರ್ತಿ ಕೆಡವಿದೆ. ಕೆಡವಿದಾಗ ಉಳಿದ ತಪ್ಪುಗಳೂ ಕಂಡವು. ನಿಮ್ಮಲ್ಲಿ ಯಾರಾದ್ರೂ ಮನೆಯವರಿಗೋ ಫೆಸ್ಟ್‌ಗೋ ಸೈಟ್ ಮಾಡ್ತಿದ್ರೆ ಉಪಯೋಗ ಆಗಬಹುದು ಅಂತ ಬರೀತಿದೀನಿ.

ಮೊದಲನೇದು, ಟೈಟಲ್ ಟ್ಯಾಗ್. ನನ್ನ ಎಲ್ಲಾ ಪುಟದ ಟೈಟಲ್ 'ಹೋಮ್' ಅಂತಿತ್ತು. ಸರ್ಚ್ ಫಲಿತಾಂಶದಲ್ಲಿ ಸಾಮಾನ್ಯವಾಗಿ ದೊಡ್ಡ ಅಕ್ಷರದಲ್ಲಿ ಕಾಣೋದು ಇದೇ. ಪ್ರತಿ ಪುಟಕ್ಕೂ ಅದರಲ್ಲಿ ಏನಿದೆ ಅಂತ ಹೇಳೋ ಬೇರೆ ಟೈಟಲ್ ಬರೆದೆ. 'ಮೆಟಾ ಕೀವರ್ಡ್ಸ್' ಅನ್ನೋ ಟ್ಯಾಗ್‌ನಲ್ಲಿ ಐವತ್ತು ಪದ ತುರುಕಿದ್ದೆ, ಅದನ್ನ ತೆಗೆದೆ. ವೆಬ್ ಸರ್ಚ್‌ನ ರ‍್ಯಾಂಕಿಂಗ್‌ಗೆ ಆ ಟ್ಯಾಗ್ ಬಳಸಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ. ನಾನು ನೋಡಿದ ವಿಡಿಯೋದವರಿಗೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ.

ಎರಡನೇದು, ರೇಟು, ಫೋನ್ ನಂಬರ್, ವಿಳಾಸ ಎಲ್ಲ ಪೋಸ್ಟರ್ ಥರ ಚಿತ್ರದೊಳಗೆ ಇತ್ತು. ಚಿತ್ರದಲ್ಲಿರೋ ಅಕ್ಷರವನ್ನ ಸರ್ಚ್ ಎಂಜಿನ್ ಓದಿಕೊಳ್ಳುತ್ತೆ ಅಂತ ನಂಬಿ ಕೂರೋ ಹಾಗಿಲ್ಲ. ಎಲ್ಲವನ್ನೂ ಮಾಮೂಲಿ ಅಕ್ಷರವಾಗಿ ಬರೆದೆ. ಫೋಟೋಗಳಿಗೆ 'ಆಲ್ಟ್' ವಿವರಣೆ ಕೊಟ್ಟೆ: 'ಹಸಿರು ರೇಷ್ಮೆ ಸೀರೆಗೆ ಕೆಂಪು ಬೇಬಿ ಕುಚ್ಚು' ಅಂತ. ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಓದೋದೂ ಇದನ್ನೇ.

ಮೂರನೇದು, ರಿಯಾಕ್ಟ್. ಬ್ರೌಸರ್‌ಗೆ ಮೊದಲು ಹೋಗೋ ಎಚ್‌ಟಿಎಂಎಲ್‌ನಲ್ಲಿ ಒಂದು ಖಾಲಿ ಡಿವ್ ಮಾತ್ರ ಇತ್ತು, ಉಳಿದದ್ದೆಲ್ಲ ಜಾವಾಸ್ಕ್ರಿಪ್ಟ್ ಬಂದಮೇಲೆ ತುಂಬ್ತಿತ್ತು. ಗೂಗಲ್ ಜಾವಾಸ್ಕ್ರಿಪ್ಟನ್ನೂ ಓಡಿಸಿ ನೋಡುತ್ತೆ, ಆದ್ರೆ ಅದು ಕ್ರಾಲ್ ಆದಮೇಲೆ ಬರೋ ಇನ್ನೊಂದು ಹಂತ, ಅದಕ್ಕೊಂದು ಕ್ಯೂ ಇದೆ. ಬೇರೆ ಎಲ್ಲಾ ಬಾಟ್‌ಗಳೂ ಅಷ್ಟು ಕಷ್ಟ ಪಡಲ್ಲ. ಐದು ಪುಟದ ಸೈಟಿಗೆ ರಿಯಾಕ್ಟ್ ಬೇಕೇ ಇರಲಿಲ್ಲ. ಸಾದಾ ಎಚ್‌ಟಿಎಂಎಲ್‌ನಲ್ಲಿ ಬರೆದೆ. ತೇಲೋ ಕುಚ್ಚುಗಳು ಹೋದವು. ಪಕ್ಕದ ಮನೆ ಆಂಟಿ ಫೋನಲ್ಲಿ ಸೈಟ್ ಮೊದಲ ಸಲ ಬೇಗ ತೆರೆಯಿತು.

ನಾಲ್ಕನೇದು ಕನ್ನಡದ್ದೇ ತೊಂದರೆ. ಅಮ್ಮ ಹಿಂದೆ ಪಾಂಪ್ಲೆಟ್ ಮಾಡಿಸಿದ್ದ ಡಿಟಿಪಿ ಫೈಲ್ ಇತ್ತು. ಅದರಿಂದ ಕನ್ನಡ ಕಾಪಿ ಮಾಡಿ ಸೈಟಿಗೆ ಹಾಕಿದ್ರೆ, ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲ ಕಲಸಿದ ಚಿತ್ರಾನ್ನ ಬಂತು. ಹಳೆ ಡಿಟಿಪಿ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಕೋಡ್‌ಗೇ ಕನ್ನಡದ ಆಕಾರ ಅಂಟಿಸಿರ್ತಾರೆ. ಆ ಫಾಂಟ್ ಇದ್ದ ಕಂಪ್ಯೂಟರ್‌ನಲ್ಲಿ ಕಣ್ಣಿಗೆ ಕನ್ನಡ, ಯಂತ್ರಕ್ಕೆ ಮಾತ್ರ ಅರ್ಥ ಇಲ್ಲದ ಇಂಗ್ಲಿಷ್. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಅಂತಲೇ 128 ಸ್ಥಾನ ಬೇರೆ ಇಟ್ಟಿದಾರೆ. ಹಾಗೆ ಬರೆದರೆ ಮಾತ್ರ 'ಕುಚ್ಚು' ಅಂತ ಹುಡುಕಿದೋರಿಗೆ 'ಕುಚ್ಚು' ಸಿಗುತ್ತೆ. ಒಂದು ಸಂಜೆ ಕೂತು ಎಲ್ಲಾ ಮತ್ತೆ ಟೈಪ್ ಮಾಡಿದೆ. ನಾನು ಒಂದೇ ಉಸಿರಿಗೆ ಅಷ್ಟು ಕನ್ನಡ ಬರೆದಿದ್ದು ಹತ್ತನೇ ಕ್ಲಾಸ್ ಪರೀಕ್ಷೆ ಆದಮೇಲೆ ಅದೇ ಮೊದಲು.

ಹೆಸರೂ ಬದಲಾಯ್ತು. ಈಗ ಅಮ್ಮನ ಹೆಸರು, ಅದರ ಮುಂದೆ 'ಸೀರೆ ಕುಚ್ಚು ಕೆಲಸ', ಅಷ್ಟೇ. ಗೂಗಲ್ ಮ್ಯಾಪ್‌ನಲ್ಲಿ ಬರೋಕೆ ಬಿಸಿನೆಸ್ ಪ್ರೊಫೈಲ್ ಮಾಡಿದಾಗ ಜಾಗ ನಿಜವಾಗಿ ಇದೆಯಾ ಅಂತ ವಿಡಿಯೋ ಕೇಳ್ತು. ಬೀದಿ ತೋರಿಸು, ಬೋರ್ಡ್ ತೋರಿಸು, ಕೆಲಸದ ಸಾಮಾನು ತೋರಿಸು ಅಂತ. ನಮಗೆ ಬೋರ್ಡೇ ಇರಲಿಲ್ಲ. ಹತ್ತು ವರ್ಷ ಕೆಲಸ ಮಾಡಿದ ಮನೆಗೆ ಆ ವಾರ ಮೊದಲ ಸಲ ಒಂದು ಬೋರ್ಡ್ ಬಂತು. ಅಪ್ಪನೇ ಬರೆಸಿಕೊಂಡು ಬಂದು ಗೇಟಿಗೆ ಕಟ್ಟಿದ್ರು. ಅಮ್ಮ ಎರಡು ಸಲ ಹೊರಗೆ ಹೋಗಿ ನೋಡಿ ಬಂದ್ರು, ಯಾರೂ ನೋಡ್ತಿಲ್ಲ ಅಂದ್ಕೊಂಡು.

*

ಈಗ ನಾನು ಮಾಡಿದ ಕೆಟ್ಟ ಕೆಲಸಕ್ಕೆ ಬರ್ತೀನಿ.

ಸೆಪ್ಟೆಂಬರ್ ಕೊನೆ. ಸೈಟ್ ಇಂಡೆಕ್ಸ್ ಆಗಿದೆ, ಪದಗಳು ಸರಿಯಾಗಿದಾವೆ, ಮ್ಯಾಪ್‌ನಲ್ಲೂ ಇದೀವಿ. ಆದ್ರೂ ಎಲ್ಲೋ ಕೆಳಗೆ. ಮೇಲಿದ್ದ ಅಂಗಡಿಗಳಿಗೆಲ್ಲ ನೂರಾರು ರಿವ್ಯೂ. ನಮ್ಮದು ಸೊನ್ನೆ. ಅಷ್ಟರಲ್ಲಿ ಸೈಟ್‌ನಲ್ಲಿದ್ದ ನಂಬರಿಗೆ ಒಂದು ವಾಟ್ಸಾಪ್ ಮೆಸೇಜ್ ಬಂತು: 4,999 ರೂಪಾಯಿಗೆ ಗೂಗಲ್ ಮೊದಲ ಪುಟ ಗ್ಯಾರಂಟಿ, 500 ಬ್ಯಾಕ್‌ಲಿಂಕ್ ಉಚಿತ. ಮೊದಲ ಸ್ಥಾನಕ್ಕೆ ಯಾರೂ ಗ್ಯಾರಂಟಿ ಕೊಡೋಕಾಗಲ್ಲ ಅಂತ ಗೂಗಲ್‌ನ ಸ್ವಂತ ಮಾರ್ಗದರ್ಶಿಯಲ್ಲೇ ಬರೆದಿದೆ, ನಾನು ಓದಿದ್ದೆ. ಆದ್ರೂ ನಿಜ ಹೇಳ್ಬೇಕಂದ್ರೆ, ನಾನು ಬೇಡ ಅಂದಿದ್ದು ತತ್ವದಿಂದಲ್ಲ, ದುಡ್ಡಿರಲಿಲ್ಲ ಅಂತ.

ದುಡ್ಡಿಲ್ಲದೆ ಆಗೋ ಉಪಾಯ ಮಾಡಿದೆ. ಒಂದು ರಾತ್ರಿ ಹಾಸ್ಟೆಲ್ ಕಾರಿಡಾರ್‌ನಲ್ಲಿ ರೂಮಿಂದ ರೂಮಿಗೆ ಹೋದೆ. 14 ಜನ, 14 ಫೈವ್ ಸ್ಟಾರ್. "ನನ್ನ ಅಕ್ಕನ ಮದುವೆ ಸೀರೆಗೆ ಇವರೇ ಹಾಕಿದ್ದು, ಸೂಪರ್ ಫಿನಿಶಿಂಗ್" ಅಂತ ನನ್ನ ರೂಮ್‌ಮೇಟ್ ಬರೆದಳು. ಅವಳಿಗೆ ಅಕ್ಕನೇ ಇಲ್ಲ. ನಗಾಡಿಕೊಂಡು ಮಲಗಿದ್ವಿ.

ಮರುದಿನ ಬೆಳಿಗ್ಗೆ ಅಮ್ಮನ ಫೋನ್. "ಮೈಸೂರಿನ ಮದುವೆ ಸೀರೆ ಯಾವುದೇ? ಮರೂನ್ ಬಣ್ಣ ಅಂತ ಹಾಕಿದಾರೆ."

ಅಮ್ಮನ ಹತ್ರ ಒಂದು ಉದ್ದನೆ ಲೆಕ್ಕದ ಪುಸ್ತಕ ಇದೆ. ಹತ್ತು ವರ್ಷದಲ್ಲಿ ಮೂರು ಮುಗಿದು, ಇದು ನಾಲ್ಕನೇದು. ದಿನಾಂಕ, ಹೆಸರು, ಸೀರೆ ಬಣ್ಣ, ಕುಚ್ಚಿನ ನಮೂನೆ, ಕೊಡೋ ದಿನ, ಹಣ. ಕೊನೆಯ ಕಾಲಂ 'ಯಾರ ಕಡೆಯಿಂದ'. ಅಂಗಡಿ ಸೀರೆಗೆ 'ಅಂಗಡಿ' ಅಂತಿರುತ್ತೆ. ಅಪರೂಪಕ್ಕೆ ನೇರವಾಗಿ ಬಂದವರಿದ್ರೆ 'ಟೈಲರ್ ಅಕ್ಕ', 'ಮೂರನೇ ಕ್ರಾಸ್ ಟೀಚರ್' ಹೀಗೆ. ಯಾರೇ ಬಂದ್ರೂ ಅಮ್ಮ ಮೊದಲು ಕೇಳೋದು "ಯಾರ ಕಡೆಯಿಂದ ಬಂದ್ರಿ?" ಅಂತ. ಕಳಿಸಿದವರಿಗೆ ಹಬ್ಬಕ್ಕೆ ತಪ್ಪದೆ ಒಂದು ಬ್ಲೌಸ್ ಪೀಸ್ ಹೋಗುತ್ತೆ.

ಆ ಬೆಳಿಗ್ಗೆ ಅಮ್ಮ ಫೋನಲ್ಲಿ ರಿವ್ಯೂಗಳನ್ನ ನೋಡಿ, ಮೊದಲು ಖುಷಿಪಟ್ಟು, ಆಮೇಲೆ ಅವರ್‍ಯಾರು ಅಂತ ನೆನಪಾಗದೆ ಪುಸ್ತಕ ತೆಗೆದು ಕೂತಿದ್ರು. ಮರೂನ್ ಸೀರೆಗಳನ್ನ ಒಂದೊಂದಾಗಿ ಹುಡುಕ್ತಾ ಇದ್ರು. ತನ್ನ ಪುಸ್ತಕದಲ್ಲೇ ಏನೋ ಬಿಟ್ಟುಹೋಗಿದೆ, ಯಾರದೋ ಸೀರೆ ಬರೆದುಕೊಳ್ಳೋದು ಮರೆತಿದೀನಿ ಅಂತ ಅವರಿಗೆ ಗಾಬರಿ. ಗೂಗಲ್ ಸುಳ್ಳು ಹೇಳುತ್ತೆ ಅಂತ ಅವರಿಗೆ ಅನ್ನಿಸಲೇ ಇಲ್ಲ. ನಾನು ಸುಳ್ಳು ಹೇಳ್ತೀನಿ ಅಂತಾನೂ ಅನ್ನಿಸಲಿಲ್ಲ.

ನಾನು ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಬೈದಿದ್ರೆ ಸುಲಭ ಆಗಿರೋದು. "ನಾನು ಕಟ್ಟದೇ ಇರೋ ಕುಚ್ಚಿಗೆ ನನಗ್ಯಾಕೆ ಸ್ಟಾರ್? ನಾಳೆ ಯಾರಾದ್ರೂ ಆ ಮರೂನ್ ಸೀರೆ ಫೋಟೋ ತೋರಿಸಿ ಅಂದ್ರೆ ಏನು ತೋರಿಸ್ಲಿ?" ಅಂದ್ರು. ಆವತ್ತು ಸಂಜೆ ಮತ್ತೆ ಅದೇ ಕಾರಿಡಾರ್. ಅದೇ 14 ಬಾಗಿಲು. ಹಾಕಿ ಅಂತ ಕೇಳೋಕೆ ಹತ್ತು ನಿಮಿಷ ಸಾಕಾಗಿತ್ತು. ತೆಗೀರಿ ಅಂತ ಕೇಳೋಕೆ ಒಂದೂವರೆ ಗಂಟೆ ಹಿಡೀತು.

*

ಆ ವಾರವೇ ನಮ್ಮ ಕ್ಲಾಸ್‌ನ ಒಬ್ಬ ಪೇಜ್‌ರ‍್ಯಾಂಕ್ ಬಗ್ಗೆ ಸೆಮಿನಾರ್ ಕೊಟ್ಟ. ಲ್ಯಾರಿ ಪೇಜ್, ಸೆರ್ಗೆ ಬ್ರಿನ್ ಸ್ಟ್ಯಾನ್‌ಫರ್ಡ್‌ನಲ್ಲಿ ಸಂಶೋಧನೆ ಮಾಡೋವಾಗ ಕಂಡುಕೊಂಡಿದ್ದು. 1998ರಲ್ಲಿ ಅವರ ಪ್ರಬಂಧ ಬಂತು, ಅದೇ ವರ್ಷ ಗೂಗಲ್ ಕಂಪನಿನೂ ಶುರುವಾಯ್ತು. ಒಂದು ಪುಟ ಎಷ್ಟು ಮುಖ್ಯ ಅನ್ನೋದನ್ನ ಆ ಪುಟ ತನ್ನ ಬಗ್ಗೆ ತಾನೇ ಏನು ಹೇಳಿಕೊಳ್ಳುತ್ತೆ ಅನ್ನೋದರಿಂದ ಅಳೆಯೋದಲ್ಲ, ಯಾರ್‍ಯಾರು ಅದರ ಕಡೆಗೆ ಲಿಂಕ್ ಕೊಟ್ಟಿದಾರೆ ಅನ್ನೋದರಿಂದ ಅಳೆಯೋದು. ಲಿಂಕ್ ಕೊಟ್ಟವರು ಮುಖ್ಯದವರಾದಷ್ಟೂ ಆ ಲಿಂಕ್‌ಗೆ ತೂಕ ಜಾಸ್ತಿ. ಆದ್ರೆ ಅವರು ನೂರು ಜನಕ್ಕೆ ಲಿಂಕ್ ಕೊಟ್ಟಿದ್ರೆ ಆ ತೂಕ ನೂರು ಪಾಲಾಗುತ್ತೆ. ಬೋರ್ಡ್ ಮೇಲೆ 0.85 ಡ್ಯಾಂಪಿಂಗ್ ಫ್ಯಾಕ್ಟರ್ ಹಾಕಿ ಅವನು ಸಮೀಕರಣ ಬರೀತಿದ್ದ. ನನಗೆ ಕಣ್ಣಮುಂದೆ ಬಂದಿದ್ದು ಅಮ್ಮನ ಪುಸ್ತಕದ ಕೊನೆಯ ಕಾಲಂ. ಟೈಲರ್ ಅಕ್ಕ ಕಳಿಸಿದವರಿಗೆ ಅಮ್ಮ ಅಡ್ವಾನ್ಸ್ ಕೇಳಲ್ಲ. ಎಲ್ಲರಿಗೂ ಎಲ್ಲರನ್ನೂ ಕಳಿಸೋ ಒಬ್ಬ ಬ್ರೋಕರ್ ಇದಾರೆ, ಅವರ ಕಡೆಯವರಿಗೆ ಕೇಳ್ತಾರೆ.

ಈಗಿನ ಗೂಗಲ್ ಇದೊಂದನ್ನೇ ನೋಡಲ್ಲ, ಬೇರೆ ಬಹಳಷ್ಟನ್ನೂ ನೋಡುತ್ತೆ. ಲಿಂಕ್‌ಗೆ ಬೆಲೆ ಇದೆ ಅಂತ ಗೊತ್ತಾದ ಕೂಡಲೇ ಜನ ಲಿಂಕ್ ಮಾರೋಕೆ ಶುರು ಮಾಡಿದ್ರು. ಅಂಥ ಸುಳ್ಳು ಲಿಂಕ್‌ಗಳ ಮೇಲೆ ಗೂಗಲ್ 2012ರಲ್ಲಿ ಪೆಂಗ್ವಿನ್ ಅನ್ನೋ ಅಪ್‌ಡೇಟ್ ತಂತು. ಆ 500 ಉಚಿತ ಬ್ಯಾಕ್‌ಲಿಂಕ್ ಆ ಜಾತಿದೇ. ನನ್ನ 14 ರಿವ್ಯೂಗಳೂ ಬೇರೆ ಏನಲ್ಲ.

ಹಾಗಾದ್ರೆ ನಿಜವಾದ ಲಿಂಕ್ ಎಲ್ಲಿಂದ ತರೋದು? ಅಮ್ಮನ ಪುಸ್ತಕ ತೆಗೆದ್ವಿ. ದಸರಾ ರಜೆಯಲ್ಲಿ ನಾನು ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಕೊಂಡು ಕೂತೆ, ಅಮ್ಮ ಕುಚ್ಚು ಕಟ್ತಾ ಹೇಳ್ತಾ ಹೋದ್ರು. ನೇರವಾಗಿ ಬಂದಿದ್ದ ಗಿರಾಕಿಗಳಿಗೆ ಅಮ್ಮನೇ ಫೋನ್ ಮಾಡಿ, ಚೆನ್ನಾಗಿದ್ರೆ ಚೆನ್ನಾಗಿದೆ ಅಂತ, ಇಲ್ಲಾಂದ್ರೆ ಇಲ್ಲ ಅಂತ ಬರೀರಿ ಅಂದ್ರು. ಆರು ಜನ ಬರೆದ್ರು. ಒಬ್ಬರು ನಾಲ್ಕೇ ಸ್ಟಾರ್ ಕೊಟ್ಟು, ಎರಡು ದಿನ ತಡ ಆಯ್ತು ಅಂತ ಬರೆದಿದ್ರು. ಅಮ್ಮ ಪುಸ್ತಕ ನೋಡಿ "ಹೌದು, ತಡ ಆಗಿತ್ತು" ಅಂದ್ರು. ಅಮ್ಮ ಈ ಕೆಲಸ ಕಲಿತಿದ್ದ ತರಬೇತಿ ಕೇಂದ್ರದ ಸೈಟ್‌ನಲ್ಲಿ ಹಳೆ ವಿದ್ಯಾರ್ಥಿಗಳ ಪುಟ ಇತ್ತು. ಅಲ್ಲಿಯ ಮೇಡಂಗೆ ಅಮ್ಮನ ನೆನಪಿತ್ತು. ಅವರು ನಮ್ಮ ಸೈಟಿಗೆ ಲಿಂಕ್ ಹಾಕಿದ್ರು. ಒಂದೇ ಒಂದು ಲಿಂಕ್.

ಸೈಟಿಗೆ ಏನು ಬರೀಬೇಕು ಅನ್ನೋದೂ ಆ ರಜೆಯಲ್ಲೇ ಸಿಕ್ತು. ಗಿರಾಕಿಗಳು ಅಮ್ಮನಿಗೆ ಫೋನಲ್ಲಿ ಕೇಳೋ ಪ್ರಶ್ನೆಗಳನ್ನೇ ಒಂದೊಂದು ತಲೆಬರಹ ಮಾಡಿದೆ. ಜಿಗ್‌ಜಾಗ್ ಮೊದಲೋ, ಕುಚ್ಚು ಮೊದಲೋ? ಜಿಗ್‌ಜಾಗ್ ಮೊದಲು. ಒಗೆದ್ರೆ ಕುಚ್ಚಿನ ಬಣ್ಣ ಸೀರೆಗೆ ಹತ್ತುತ್ತಾ? ಗಾಢ ಕೆಂಪು, ನೀಲಿ ನೂಲನ್ನ ಮೊದಲು ಒದ್ದೆ ಬಿಳಿ ಬಟ್ಟೆಗೆ ಉಜ್ಜಿ ನೋಡ್ತೀವಿ. ಮದುವೆ ಸೀರೆ ಎಷ್ಟು ದಿನ ಮುಂಚೆ ಕೊಡಬೇಕು? ಹತ್ತು ದಿನ. ಉತ್ತರ ಎಲ್ಲ ಅಮ್ಮನ ಮಾತಲ್ಲೇ, ಕನ್ನಡದಲ್ಲಿ ಒಂದು ಪುಟ, ಇಂಗ್ಲಿಷ್‌ನಲ್ಲಿ ಇನ್ನೊಂದು. ಇದನ್ನ ಎಸ್‌ಇಒ ಭಾಷೆಯಲ್ಲಿ ಕೀವರ್ಡ್ ರಿಸರ್ಚ್ ಅಂತಾರೆ. ನಮ್ಮ ಮನೇಲಿ ಅದು ಹತ್ತು ವರ್ಷದಿಂದ ನಡೀತಾನೇ ಇತ್ತು, ನಾನು ಕಿವಿಗೆ ಇಯರ್‌ಫೋನ್ ಹಾಕ್ಕೊಂಡಿದ್ದೆ.

ನವೆಂಬರ್ ಕೊನೆಗೆ ಸರ್ಚ್ ಕನ್ಸೋಲ್ ತೆರೆದಾಗ ತಿಂಗಳಲ್ಲಿ 19 ಕ್ಲಿಕ್ ಇತ್ತು. ಇನ್‌ಸ್ಟಾಗ್ರಾಂನಲ್ಲಿ ಒಂದು ಬೆಕ್ಕಿನ ವಿಡಿಯೋಗೆ ಇದಕ್ಕಿಂತ ಜಾಸ್ತಿ ಬರುತ್ತೆ. 'ಸೀರೆ ಕುಚ್ಚು' ಅಂತಷ್ಟೇ ಹುಡುಕಿದ್ರೆ ನಾವು ಈಗಲೂ ಎಲ್ಲೋ ಕೆಳಗೇ ಇದೀವಿ, ಮೇಲೆ ಬರೀ ವಿಡಿಯೋಗಳು, ದೊಡ್ಡ ಅಂಗಡಿಗಳು. ಹಾಸನ ಅಂತ ಸೇರಿಸಿ ಹುಡುಕಿದ್ರೆ ಮೊದಲ ಪುಟದಲ್ಲಿ ಕಾಣ್ತೀವಿ. ಕನ್ನಡ ಅಕ್ಷರದಲ್ಲಿ ಹುಡುಕಿದ್ರೆ ಇನ್ನೂ ಸ್ವಲ್ಪ ಮೇಲೆ. ಅಂಗಡಿ ಕೆಲಸವನ್ನ ಅಮ್ಮ ಬಿಟ್ಟಿಲ್ಲ, ಬಿಡೋಕೂ ಆಗಲ್ಲ. ಆದ್ರೆ ನೇರ ಬಂದವರಿಗೆ ಅಮ್ಮನ ರೇಟು 250. ಅಷ್ಟೂ ನೇರ ಬಂದ್ರೆ ನನ್ನ ಮೆಸ್ ಬಿಲ್ 17 ಸೀರೆ. ಆ ತಿಂಗಳು ಬಂದಿದ್ದು ಮೂರು.

ಅದರಲ್ಲಿ ಮೊದಲನೇದು ಬಂದಾಗ ನಾನು ಮನೇಲಿದ್ದೆ. ಅರಸೀಕೆರೆ ಕಡೆಯವರು, ತಾಯಿ ಮಗಳು, ಫೆಬ್ರವರಿಯಲ್ಲಿ ಮದುವೆ. ಗೇಟಿನ ಬೋರ್ಡ್ ಓದಿಕೊಂಡು ಒಳಗೆ ಬಂದ್ರು. ಸೀರೆ ಬಿಚ್ಚಿ ಹಾಸಿ, ಬಣ್ಣ ಆರಿಸಿ, ಟೀ ಕುಡಿದು ಎಲ್ಲ ಆದಮೇಲೆ ಅಮ್ಮ ಪುಸ್ತಕ ತೆಗೆದ್ರು.

"ಯಾರ ಕಡೆಯಿಂದ ಬಂದ್ರಿ?"

"ಯಾರೂ ಇಲ್ಲ ಆಂಟಿ, ಗೂಗಲ್‌ನಲ್ಲಿ ಬಂತು" ಅಂದಳು ಮಗಳು.

ಅಮ್ಮ ನನ್ನ ಮುಖ ನೋಡಲಿಲ್ಲ. ಕೊನೆಯ ಕಾಲಂನಲ್ಲಿ ನಿಧಾನವಾಗಿ, ಕನ್ನಡದಲ್ಲಿ, 'ಗೂಗಲ್' ಅಂತ ಬರೆದ್ರು. ಅವರು ಹೋದಮೇಲೆ ಪುಸ್ತಕ ಮುಚ್ಚುತ್ತಾ ಕೇಳಿದ್ರು, "ಹಬ್ಬಕ್ಕೆ ಇವರಿಗೆ ಬ್ಲೌಸ್ ಪೀಸ್ ಎಲ್ಲಿಗೇ ಕಳಿಸೋದು?"